ಕಥೆಯೇ ಇಲ್ಲದ ನಾಟಕಕ್ಕೆ ಇಷ್ಟೊಂದು ಚಪ್ಪಾಳೆ ಯಾಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಇಂಗ್ಲೆಂಡಿನ ಲೆಸ್ಟರ್ ಊರಿನ ಕರ್ವ್ ರಂಗಮಂದಿರದವರು ‘ಎ ಕೋರಸ್ ಲೈನ್’ ಎಂಬ ಹಳೆಯ ಅಮೆರಿಕನ್ ನೃತ್ಯನಾಟಕವನ್ನು ಹೊಸದಾಗಿ ಕಟ್ಟಿದ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. 2021ರ ಕೊನೆಯಲ್ಲಿ ಅದು ಮೊದಲು ಅದೇ ಊರಿನಲ್ಲಿ ಆಯಿತು. 2024ರಲ್ಲಿ ಮತ್ತೆ ರಂಗಕ್ಕೆ ಬಂದು ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್‌ಗೂ ಬೇರೆ ಊರುಗಳಿಗೂ ಹೋಯಿತು. ನಿರ್ದೇಶನ ನಿಕೊಲಾಯ್ ಫಾಸ್ಟರ್ ಅವರದು, ನೃತ್ಯ ಸಂಯೋಜನೆ ಎಲೆನ್ ಕೇನ್ ಅವರದು. ನೋಡಿದವರು, ನೋಡಬೇಕು ಅಂದುಕೊಂಡವರು, ಸಿನಿಮಾ ಮಾತ್ರ ನೋಡಿ ಬೇಜಾರಾದವರು, ಎಲ್ಲರೂ ಬರೆದಿದ್ದಾರೆ. ಮೆಚ್ಚಿದವರ ಪತ್ರಕ್ಕಿಂತ ಸಿಟ್ಟಾದವರ ಪತ್ರಗಳೇ ಉದ್ದ ಇವೆ, ಹಾಗಾಗಿ ಅವುಗಳಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಗೆಳೆಯರ ಬಲವಂತಕ್ಕೆ ನಾನೂ ನಮ್ಮ ಯಜಮಾನರೂ ಹೋಗಿದ್ದೆವು. ಡ್ಯಾನ್ಸ್ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಒಬ್ಬರಾದ ಮೇಲೆ ಒಬ್ಬರು ಮುಂದೆ ಬಂದು ತಮ್ಮ ಬಾಲ್ಯ, ಅಪ್ಪ ಅಮ್ಮನ ಜಗಳ ಅಂತ ಹೇಳಿಕೊಂಡು ಹೋದರು. ಕಥೆ ಎಲ್ಲಿದೆ? ಸುತ್ತ ಕೂತವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ನಮಗೇ ಅರ್ಥ ಆಗಲಿಲ್ವಾ? (ಓದುಗರೊಬ್ಬರು, ಲೆಸ್ಟರ್)

ಉತ್ತರ: ಅರ್ಥವಾಗಿದೆ ಮೇಡಂ, ನೀವು ನೋಡಿದ್ದನ್ನು ಸರಿಯಾಗಿಯೇ ಹೇಳಿದ್ದೀರಿ. ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳಿರುವ ಬ್ರಾಡ್‌ವೇಯ ಒಂದು ನಾಟಕಕ್ಕೆ ಗ್ರೂಪ್ ಡ್ಯಾನ್ಸರ್‌ಗಳು, ಅಂದರೆ ತಾರೆಯ ಹಿಂದೆ ಸಾಲಾಗಿ ಕುಣಿಯುವವರು ಬೇಕು. ನೆಲದ ಮೇಲೆ ಒಂದು ಬಿಳಿ ಗೆರೆ. ಅದರ ಮೇಲೆ 17 ಜನ ನಿಂತಿದ್ದಾರೆ. ಬೇಕಾಗಿರುವುದು 8 ಜನ, ನಾಲ್ವರು ಗಂಡಸರು, ನಾಲ್ವರು ಹೆಂಗಸರು. ಝಾಕ್ ಎಂಬ ನಿರ್ದೇಶಕ ‘ನಿಮ್ಮ ಬಗ್ಗೆ ಹೇಳಿ’ ಅನ್ನುತ್ತಾನೆ. ಯಾರಿಗೆ ಕೆಲಸ ಸಿಗುತ್ತದೆ ಅನ್ನುವುದನ್ನು ಬಿಟ್ಟರೆ ಮುಂದೇನಾಯಿತು ಅಂತ ಕಾಯುವಂಥ ಕಥೆ ಇದರಲ್ಲಿ ಇಲ್ಲ.

ಆ ಮಾತುಗಳು ಎಲ್ಲಿಂದ ಬಂದವು ಅಂತ ಹೇಳುತ್ತೇನೆ ಕೇಳಿ. 1974ರ ಜನವರಿಯಲ್ಲಿ ಈ ನಾಟಕವನ್ನು ಮೊದಲು ನಿರ್ದೇಶಿಸಿ ಹೆಜ್ಜೆ ಕಟ್ಟಿದ ಮೈಕಲ್ ಬೆನೆಟ್ ನ್ಯೂಯಾರ್ಕಿನ ಡ್ಯಾನ್ಸರ್‌ಗಳ ಜೊತೆ ಕೂತು ರಾತ್ರಿಯಿಡೀ ಮಾತಾಡಿದರು. ಟೇಪ್ ರೆಕಾರ್ಡರ್ ಓಡುತ್ತಿತ್ತು. ಯಾಕೆ ಕುಣಿಯಲು ಶುರು ಮಾಡಿದಿರಿ, ಮನೆಯಲ್ಲಿ ಏನಂದರು, ಕುಣಿಯಲು ಆಗದೇ ಹೋದ ದಿನ ಏನು ಮಾಡುತ್ತೀರಿ, ಇವೇ ಮಾತು. ಆ ಟೇಪುಗಳಿಂದ ನಿಕೊಲಸ್ ಡಾಂಟೆ ಮತ್ತು ಜೇಮ್ಸ್ ಕರ್ಕ್‌ವುಡ್ ನಾಟಕ ಬರೆದರು. ಮಾರ್ವಿನ್ ಹ್ಯಾಮ್ಲಿಶ್ ಸಂಗೀತ ಕೊಟ್ಟರು, ಎಡ್ವರ್ಡ್ ಕ್ಲೆಬನ್ ಹಾಡು ಬರೆದರು. ತಮ್ಮ ಬದುಕಿನ ಕಥೆಯ ಹಕ್ಕನ್ನು ಆ ಡ್ಯಾನ್ಸರ್‌ಗಳು ಬರೀ ಒಂದು ಡಾಲರಿಗೆ ಬರೆದುಕೊಟ್ಟಿದ್ದರು. ಆಮೇಲೆ ಬೆನೆಟ್ ಗಳಿಕೆಯಲ್ಲಿ ಅವರಿಗೂ ಪಾಲು ಬರುವ ಹಾಗೆ ಮಾಡಿದರು ಅನ್ನಿ. ಆದರೂ ಅವರಲ್ಲಿ ಕೆಲವರು ತಮ್ಮದೇ ಬದುಕಿನ ಪಾತ್ರಕ್ಕೆ ಆಡಿಷನ್ ಕೊಡಬೇಕಾಯಿತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಕೊನೆಯ ಹಾಡು ‘ಒನ್’ಗೆ ಬನ್ನಿ. ಇಡೀ ನಾಟಕ ಪ್ರಾಕ್ಟೀಸಿನ ಬಟ್ಟೆಯಲ್ಲಿದ್ದವರು ಎಲ್ಲರೂ ಒಂದೇ ಥರದ ಬಂಗಾರ ಬಣ್ಣದ ಉಡುಪು, ಟೋಪಿ ಹಾಕಿಕೊಂಡು ಬರುತ್ತಾರೆ. ಯಾರು ಡಯಾನಾ, ಯಾರು ಶೀಲಾ ಅಂತ ಗೊತ್ತಾಗುವುದಿಲ್ಲ. ಹಾಡು ಹೊಗಳುವುದು ಇವರನ್ನಲ್ಲ, ನಾವು ನೋಡಿಯೇ ಇಲ್ಲದ ಒಬ್ಬ ತಾರೆಯನ್ನು. ಎರಡು ಗಂಟೆ ಹೊತ್ತು ನಮಗೆ ಪರಿಚಯ ಮಾಡಿಕೊಟ್ಟ ಮುಖಗಳನ್ನು ಆ ಒಂದು ಹಾಡು ನುಂಗಿ ಹಾಕುತ್ತದೆ. ನೀವು ಹುಡುಕಿದ ಕಥೆ ಇಲ್ಲಿದೆ, ಮೇಡಂ. ನಿಮ್ಮ ಪಕ್ಕದವರು ಎದ್ದು ನಿಂತಿದ್ದು ಕುಣಿತದ ಅಂದಕ್ಕೂ ಇರಬಹುದು, ಒಬ್ಬೊಬ್ಬರ ಮುಖ ಹುಡುಕುತ್ತಾ ಹೊಟ್ಟೆ ಕಿವುಚಿದ್ದಕ್ಕೂ ಇರಬಹುದು. ಎರಡೂ ಸರಿಯೇ. ಯಾವುದೇ ಊರಿನವರು ಇದನ್ನು ಮತ್ತೆ ಆಡಿದಾಗ ನಾನು ನೋಡುವುದು ಒಂದನ್ನೇ: ‘ಒನ್’ ಶುರುವಾದಾಗ ಆ ಸಾಲಿನಲ್ಲಿ ನನಗೆ ಗುರುತಿನವರು ಇದ್ದಾರಾ ಇಲ್ವಾ?

ಪ್ರಶ್ನೆ: 2013ರಲ್ಲಿ ಲಂಡನ್ ಪಲೇಡಿಯಮ್‌ನಲ್ಲಿ ಇದೇ ನಾಟಕ ನೋಡಿ ಹುಚ್ಚು ಹಿಡಿಸಿಕೊಂಡವನು ನಾನು. ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ ಹೆಜ್ಜೆಗಳನ್ನೇ ಬದಲಿಸಿದ್ದಾರೆ. ಕ್ಯಾಮೆರಾ, ದೊಡ್ಡ ಪರದೆ ಬೇರೆ. ಕ್ಲಾಸಿಕ್ ಅಂದ ಮೇಲೆ ಅದನ್ನು ಮುಟ್ಟಬಾರದು ಅಲ್ವಾ? (ಓದುಗರೊಬ್ಬರು, ಲಂಡನ್)

ಉತ್ತರ: ನಿಮ್ಮ ಸಿಟ್ಟಿಗೆ ಕಾರಣವಿದೆ. ನೀವು 2013ರಲ್ಲಿ ನೋಡಿದ್ದು ಬಹುಮಟ್ಟಿಗೆ ಬೆನೆಟ್ ಕಟ್ಟಿದ ನಾಟಕವೇ. ಅವರ ಜೊತೆಗೆ ಹೆಜ್ಜೆ ಕಟ್ಟಿದ್ದ ಬಾಬ್ ಏವಿಯನ್ ಅದನ್ನು ನಿರ್ದೇಶಿಸಿದ್ದರು, ಮೊದಲ ತಂಡದಲ್ಲಿ ಕಾನಿ ಪಾತ್ರ ಮಾಡಿದ್ದ ಬಾಯೋರ್ಕ್ ಲೀ ಹೆಜ್ಜೆಗಳನ್ನು ಮರಳಿ ಕಲಿಸಿದ್ದರು. ಇದೇ ಇಬ್ಬರು 2006ರಲ್ಲಿ ಬ್ರಾಡ್‌ವೇಯಲ್ಲೂ ಅದನ್ನೇ ಮಾಡಿದ್ದರು. ಬೆನೆಟ್ 1987ರಲ್ಲಿ, 44ನೇ ವಯಸ್ಸಿಗೇ ತೀರಿಕೊಂಡರು. ಹಾಗಾಗಿ ಅವರ ಒಂದೊಂದು ಹೆಜ್ಜೆಯನ್ನೂ ಕಾಪಾಡಬೇಕು ಅನ್ನುವ ಪ್ರೀತಿ ಅವರ ಜೊತೆಗಾರರಿಗೆ ಇತ್ತು. ಅದು ನನಗೂ ಅರ್ಥವಾಗುತ್ತದೆ.

ಆದರೆ ನಾನು ನಿಮ್ಮ ಕಡೆಗಿಲ್ಲ. ಒಂದು ಕಾಲಕ್ಕೆ ಒಂಟಿಯಾಗಿ ಮಿಂಚಿ, ಈಗ ಸಾಲಿನಲ್ಲಿ ಜಾಗ ಕೇಳಿ ಬಂದ ಕ್ಯಾಸಿ ಎಂಬವಳ ಒಂಟಿ ಕುಣಿತವನ್ನೇ ತಗೊಳ್ಳಿ. ಅದನ್ನು ಬೆನೆಟ್ ಕಟ್ಟಿದ್ದು ಡಾನಾ ಮೆಕೆಕ್ನಿ ಎಂಬ ಒಬ್ಬ ಡ್ಯಾನ್ಸರ್ ಮೈಗೆ. ಅವರ ಬೆನ್ನು ಎಷ್ಟು ಬಾಗುತ್ತದೆ, ಕೈ ಎಷ್ಟು ಚಾಚುತ್ತದೆ ಅನ್ನುವುದೆಲ್ಲ ಅದರಲ್ಲಿದೆ. ಬೇರೆಯವರು ಅದೇ ಹೆಜ್ಜೆ ಹಾಕಿದರೆ ನಾವು ಸುಮ್ನೆ ಹೋಲಿಸುತ್ತಾ ಕೂರುತ್ತೇವೆ, ಎದುರಿಗಿರುವವರನ್ನು ನೋಡುವುದೇ ಇಲ್ಲ. ಕರ್ವ್‌ನಲ್ಲಿ ಕ್ಯಾಸಿ ಪಾತ್ರ ಮಾಡಿದ ಕಾರ್ಲಿ ಮರ್ಸಿಡಿಸ್ ಡೈಯರ್‌ಗೆ ಅವರ ಮೈಗೆ ಒಗ್ಗುವ ಹೆಜ್ಜೆ ಕೊಟ್ಟಿದ್ದು ನ್ಯಾಯ. ಡ್ಯಾನ್ಸರ್‌ಗಳನ್ನು ಒಬ್ಬೊಬ್ಬರಾಗಿ ನೋಡಿ ಅಂತ ಬೇಡುವ ನಾಟಕವಿದು. ಅದರಲ್ಲೇ ಹೊಸಬರನ್ನು ಹಳಬರ ಅಚ್ಚಿಗೆ ಹಾಕಿದರೆ ಹೇಗೆ?

ಬದಲಿಸಬಾರದ್ದು ಅಂತ ನನ್ನ ಲೆಕ್ಕದಲ್ಲಿ ಇರುವುದು ಎರಡು. ಒಂದು, ಆ ಗೆರೆ. ಎರಡು, ಶುರುವಿನ ಆಡಿಷನ್ನಿನ ಹೆಜ್ಜೆಗಳು ಡ್ಯಾನ್ಸ್ ಗೊತ್ತಿಲ್ಲದವರಿಗೂ ತಿಳಿಯಬೇಕು. ಯಾರು ತಪ್ಪುತ್ತಿದ್ದಾರೆ, ಯಾರು ನೆಲ ನೋಡಿಕೊಂಡು ಕುಣಿಯುತ್ತಿದ್ದಾರೆ ಅಂತ ಕೊನೆಯ ಸಾಲಿನವರಿಗೂ ಕಾಣದಿದ್ದರೆ ಮುಂದಿನ ಆತಂಕ ನಮಗೆ ತಟ್ಟುವುದಿಲ್ಲ.

ಕ್ಯಾಮೆರಾ ವಿಷಯದಲ್ಲಿ ಅರ್ಧ ನಿಮ್ಮ ಮಾತು ಒಪ್ಪುತ್ತೇನೆ. ಒಬ್ಬರು ಮಾತಾಡುವಾಗ ಪಕ್ಕದಲ್ಲಿ ಸುಮ್ಮನೆ ನಿಂತವರ ಮುಖ ಹತ್ತಿರದಿಂದ ಕಂಡರೆ ಅದರ ತೂಕವೇ ಬೇರೆ. ಆದರೆ ಮಾತಾಡುವವರದ್ದೇ ಮುಖ ದೊಡ್ಡದಾಗಿ ಬಂದಾಗ ಕಣ್ಣು ಮನುಷ್ಯರನ್ನು ಬಿಟ್ಟು ಪರದೆಗೆ ಹೋಗುತ್ತದೆ. ಅದು ರಂಗದಲ್ಲಿರುವವರಿಗೇ ನಷ್ಟ.

ಇನ್ನೊಂದು ಮಾತು. ಝಾಕ್ ಪಾತ್ರಕ್ಕೆ ಆಡಮ್ ಕೂಪರ್ ಅವರನ್ನು ಹಾಕಿದ್ದು ನನಗೆ ಬಹಳ ಹಿಡಿಸಿತು. ಅವರು ರಾಯಲ್ ಬ್ಯಾಲೆಯಲ್ಲಿ ಇದ್ದವರು. 1995ರಲ್ಲಿ ಮ್ಯಾಥ್ಯೂ ಬೋರ್ನ್ ಗಂಡಸರನ್ನೇ ಹಂಸಗಳಾಗಿ ಕುಣಿಸಿದ ‘ಸ್ವಾನ್ ಲೇಕ್’ನಲ್ಲಿ ಮುಖ್ಯ ಹಂಸ ಅವರೇ. ಆಯ್ಕೆ ಮಾಡುವವನೂ ಒಂದು ಕಾಲದಲ್ಲಿ ಸಾಲಿನಲ್ಲಿ ನಿಂತವನೇ ಅನ್ನುವುದು ಅವರು ನಿಲ್ಲುವ ರೀತಿಯಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಇದರ ಸಿನಿಮಾ ಮಾತ್ರ ನೋಡಿದ್ದೇನೆ. ತುಂಬಾ ಬೋರ್ ಆಯಿತು. ಈ ನಾಟಕಕ್ಕೆ ಪುಲಿಟ್ಜರ್ ಬಂದಿದೆ ಅಂದರೆ ನಂಬಿಕೆ ಬರುತ್ತಿಲ್ಲ. (ಓದುಗರೊಬ್ಬರು, ಬೆಂಗಳೂರು)

ಉತ್ತರ: ಪುಲಿಟ್ಜರ್ ಬಂದಿದ್ದು ನಿಜ, 1976ರಲ್ಲಿ. ಅದೇ ವರ್ಷ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳೂ 9 ಬಂದವು. 1975ರ ಜುಲೈನಲ್ಲಿ ಬ್ರಾಡ್‌ವೇಯ ಶುಬರ್ಟ್ ಥಿಯೇಟರ್‌ಗೆ ಬಂದ ನಾಟಕ 1990ರ ಏಪ್ರಿಲ್‌ವರೆಗೆ ನಡೆಯಿತು, ಒಟ್ಟು 6,137 ಪ್ರದರ್ಶನ.

ಸಿನಿಮಾ ಬಂದಿದ್ದು 1985ರಲ್ಲಿ. ನಿರ್ದೇಶಕರು ನಮಗೆಲ್ಲ ‘ಗಾಂಧಿ’ ಸಿನಿಮಾದಿಂದ ಗೊತ್ತಿರುವ ರಿಚರ್ಡ್ ಆಟನ್‌ಬರೋ. ಅವರು ಬೆಳೆದಿದ್ದು ಇದೇ ಲೆಸ್ಟರ್ ಊರಿನಲ್ಲಿ. ಅವರ ತಂದೆ ಅಲ್ಲಿನ ಯೂನಿವರ್ಸಿಟಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಆಟನ್‌ಬರೋ ದೊಡ್ಡ ನಿರ್ದೇಶಕರು, ಆದರೆ ಈ ಸಿನಿಮಾ ಕೈಗೆ ಹತ್ತಲಿಲ್ಲ ಅಂತಲೇ ನನ್ನ ಅಭಿಪ್ರಾಯ. ದೊಡ್ಡ ಕಾರಣ ಒಂದು ಹಾಡು. ನಾಟಕದಲ್ಲಿ ಪಾಲ್ ಎಂಬ ಹುಡುಗ ಕುಣಿಯುತ್ತಾ ಮೊಣಕಾಲು ನೋವು ಮಾಡಿಕೊಂಡು ಬೀಳುತ್ತಾನೆ, ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಉಳಿದವರು ಗರ ಬಡಿದ ಹಾಗೆ ನಿಂತಿರುತ್ತಾರೆ. ನಾಳೆ ನಮಗೂ ಹೀಗೇ ಆದರೆ? ಆಗ ಡಯಾನಾ ‘ವಾಟ್ ಐ ಡಿಡ್ ಫಾರ್ ಲವ್’ ಹಾಡು ಎತ್ತಿಕೊಳ್ಳುತ್ತಾಳೆ, ಎಲ್ಲರೂ ಸೇರುತ್ತಾರೆ. ಅಲ್ಲಿ ಪ್ರೀತಿ ಅಂದರೆ ಕುಣಿತದ ಮೇಲಿನ ಪ್ರೀತಿ. ಸಿನಿಮಾದಲ್ಲಿ ಅದೇ ಹಾಡನ್ನು ಕ್ಯಾಸಿಗೆ ಕೊಟ್ಟು, ಹಳೆಯ ಪ್ರಿಯಕರ ಝಾಕ್ ಮೇಲಿನ ಪ್ರೇಮಗೀತೆ ಮಾಡಿಬಿಟ್ಟರು. ಎಲ್ಲರಿಗೂ ಸೇರಿದ ಹಾಡು ಒಬ್ಬರ ಪ್ರೇಮಕಥೆಗೆ ಹೋದ ಮೇಲೆ ಉಳಿದವರ ಬಗ್ಗೆ ನಮಗೆ ಯಾಕೆ ಕಾಳಜಿ ಇರುತ್ತದೆ ಹೇಳಿ? ನಿಮಗೆ ಬೋರ್ ಆಗಿದ್ದು ಸಹಜ. ಆದರೆ ಅದರಿಂದ ನಾಟಕವನ್ನು ಅಳೆಯಬೇಡಿ.

ಪ್ರಶ್ನೆ: ನಡುವೆ ಇಂಟರ್ವಲ್ ಇಲ್ಲ. ಪಕ್ಕದವರು ಪ್ರತಿ ಹೆಜ್ಜೆಗೂ ಕೂಗುತ್ತಿದ್ದರು, ಸೀಟಿ ಹೊಡೆಯುತ್ತಿದ್ದರು. ಪಾಲ್ ಮಾತಾಡುವಾಗಲೂ ಒಬ್ಬರು ಫೋನ್ ತೆಗೆದರು. ಹೇಳುವವರು ಕೇಳುವವರು ಯಾರೂ ಇಲ್ವಾ? (ಓದುಗರೊಬ್ಬರು, ಬರ್ಮಿಂಗ್‌ಹ್ಯಾಮ್)

ಉತ್ತರ: ಕೂಗಾಟದ ಬಗ್ಗೆ ನನಗೆ ಅಷ್ಟೇನೂ ಬೇಸರವಿಲ್ಲ. ಒಳ್ಳೆಯ ಕುಣಿತ ನೋಡಿ ಬಾಯಿ ಮುಚ್ಚಿಕೊಂಡಿರಿ ಅಂತ ಯಾರಿಗೂ ಹೇಳಲಾಗದು. ಫೋನ್ ಮಾತ್ರ ಕ್ಷಮಿಸಲಾರೆ, ಅದರಲ್ಲೂ ಆ ಹೊತ್ತಿನಲ್ಲಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಾಲ್ ಮಾತಿಗೆ ಹಿನ್ನೆಲೆ ಸಂಗೀತವಿಲ್ಲ, ಹಾಡಿಲ್ಲ, ಹೆಜ್ಜೆಯೂ ಇಲ್ಲ. ಒಬ್ಬನೇ ನಿಂತು ಹೇಳುತ್ತಾನೆ. ಹೆಣ್ಣುವೇಷ ಹಾಕಿ ಕುಣಿಯುವ ಒಂದು ತಂಡದಲ್ಲಿ ಅವನು ಕೆಲಸ ಮಾಡುತ್ತಿದ್ದ. ಮನೆಯವರಿಗೆ ಗೊತ್ತಿರಲಿಲ್ಲ. ಒಂದು ದಿನ ಅಪ್ಪ ಅಮ್ಮ ಇದ್ದಕ್ಕಿದ್ದ ಹಾಗೆ ಎದುರಾಗುತ್ತಾರೆ, ಅವನು ವೇಷದಲ್ಲೇ ಇದ್ದಾನೆ. ಹೊರಡುವಾಗ ಅಪ್ಪ ತಂಡದ ಯಜಮಾನನಿಗೆ ನನ್ನ ಮಗನನ್ನು ಚೆನ್ನಾಗಿ ನೋಡಿಕೊಳ್ಳಿ ಅನ್ನುತ್ತಾರೆ. ಅಪ್ಪನ ಬಾಯಲ್ಲಿ ‘ಮಗ’ ಅನ್ನುವ ಮಾತು ಅವನು ಕೇಳಿದ್ದು ಅದೇ ಮೊದಲು. ಇದು ನಾಟಕ ಬರೆದ ನಿಕೊಲಸ್ ಡಾಂಟೆಯವರದೇ ಬದುಕು. ಮೊದಲ ತಂಡದಲ್ಲಿ ಇದನ್ನು ಹೇಳಿದ ಸ್ಯಾಮಿ ವಿಲಿಯಮ್ಸ್‌ಗೆ ಟೋನಿ ಬಂತು. 1975ರಲ್ಲಿ ಇಂಥ ಮಾತನ್ನು ಸಾವಿರಾರು ಜನ ಟಿಕೆಟ್ ಕೊಟ್ಟು ಬಂದು, ಉಸಿರು ಬಿಗಿ ಹಿಡಿದು ಕೇಳಿದರು ಅನ್ನುವುದು ಸಣ್ಣ ವಿಷಯವಲ್ಲ. ಅಲ್ಲಿ ಫೋನಿನ ಬೆಳಕು ಬಿದ್ದರೆ ಹೇಳುವವನ ಮೈಮೇಲೆ ಬಿದ್ದ ಹಾಗೆ. ನೀವು ಪಕ್ಕದವರಿಗೆ ಮೆಲ್ಲಗೆ ಹೇಳಿದ್ದರೂ ತಪ್ಪಿರಲಿಲ್ಲ, ರಂಗಮಂದಿರದ ಸಿಬ್ಬಂದಿಗೆ ತಿಳಿಸಿದ್ದರೂ ಆಗುತ್ತಿತ್ತು.

ಇಂಟರ್ವಲ್ ಇಲ್ಲದಿರುವುದು ಬೆನೆಟ್ ಕಾಲದಿಂದಲೂ ಹಾಗೇ. ಆಡಿಷನ್ನಿಗೆ ನಿಂತವರು ಜಾಗ ಬಿಟ್ಟು ಕದಲುವ ಹಾಗಿಲ್ಲ, ನಾವು ಮಾತ್ರ ಎದ್ದು ಕಾಫಿ ಕುಡಿದು ಬಂದರೆ ಅವರ ಕಷ್ಟ ನಮಗೆ ಅಂಟುವುದಿಲ್ಲ. ಕೊನೆಯಲ್ಲಿ ಎಲ್ಲರೂ ಬಂದು ನಮಸ್ಕಾರ ಮಾಡುವುದೂ ಬೇಡ ಅಂತಲೇ ಬೆನೆಟ್ ಲೆಕ್ಕ. ‘ಒನ್’ ಹಾಡೇ ನಮಸ್ಕಾರ. ಸಾಲು ಕಾಲೆತ್ತಿ ಕುಣಿಯುತ್ತಿರುವಾಗಲೇ ಬೆಳಕು ಕಡಿಮೆಯಾಗುತ್ತಾ ಹೋಗಬೇಕು. ಯಾವಾಗ ಚಪ್ಪಾಳೆ ನಿಲ್ಲಿಸಬೇಕು ಅಂತ ಜನಕ್ಕೆ ಗಲಿಬಿಲಿಯಾಗುತ್ತದೆ, ಆಗಲಿ ಬಿಡಿ.

ಪ್ರಶ್ನೆ: ಕೊನೆಗೆ ಕ್ಯಾಸಿ ಆಯ್ಕೆಯಾಗುವುದು ಸಿನಿಮಾ ಥರ ಅನಿಸಲ್ವಾ? (ಓದುಗರೊಬ್ಬರು, ಮೈಸೂರು)

ಉತ್ತರ: ಮೊದಮೊದಲ ಪ್ರದರ್ಶನಗಳಲ್ಲಿ ಅವಳಿಗೆ ಕೆಲಸ ಸಿಗುತ್ತಿರಲಿಲ್ಲ. ಅದನ್ನು ನೋಡಿದ ನಟಿ ಮಾರ್ಷಾ ಮೇಸನ್ ಹೇಳಿದ ಮೇಲೆ ಬೆನೆಟ್ ಬದಲಿಸಿದರು. ನನಗೆ ಬದಲಿಸಿದ್ದೇ ಇಷ್ಟ. ಒಂದು ಕಾಲಕ್ಕೆ ಒಂಟಿಯಾಗಿ ಮಿಂಚಿದವಳು ‘ಸಾಲಿನಲ್ಲಿ ಒಬ್ಬಳಾಗಿಯಾದರೂ ಕುಣಿಯುತ್ತೇನೆ’ ಅಂತ ಬಂದಿದ್ದಾಳೆ. ಅವಳಿಗೆ ಕೆಲಸ ಸಿಕ್ಕಿತು ಅಂದರೆ ಪೂರ್ತಿ ಸಂತೋಷವೂ ಅಲ್ಲ, ಅಲ್ವಾ? ಇನ್ನು ಹೆಸರು ಕರೆಯುವ ರೀತಿ ಗಮನಿಸಿ. ಝಾಕ್ ಕೆಲವರನ್ನು ಒಂದು ಹೆಜ್ಜೆ ಮುಂದೆ ಬನ್ನಿ ಅನ್ನುತ್ತಾನೆ, ಅವರು ಗೆದ್ದೆವು ಅಂದುಕೊಳ್ಳುತ್ತಾರೆ. ಮರುಕ್ಷಣ ಅವರನ್ನೇ ಮನೆಗೆ ಕಳಿಸುತ್ತಾನೆ. ಇದರಲ್ಲಿ ಸಿನಿಮಾ ಥರದ ಸಿಹಿ ನನಗೆ ಕಾಣಲಿಲ್ಲ.

ಪ್ರಶ್ನೆ: ನಮ್ಮ ಊರಿನ ಹವ್ಯಾಸಿ ತಂಡ ಇದೇ ನಾಟಕ ಆಡುತ್ತಿದೆ. ಮಗಳು ಒಂಬತ್ತನೇ ಕ್ಲಾಸು, ಭರತನಾಟ್ಯ ಕಲಿಯುತ್ತಿದ್ದಾಳೆ. ಕರೆದುಕೊಂಡು ಹೋಗಬಹುದಾ? (ತಾಯಿಯೊಬ್ಬರು, ರೆಡಿಂಗ್)

ಉತ್ತರ: ಹೋಗಿ. ಆದರೆ ಮೊದಲೇ ತಿಳಿದುಕೊಂಡು ಹೋಗಿ. ಮೈ ಬೆಳೆಯುವ ವಯಸ್ಸಿನ ಬಗ್ಗೆ, ಲೈಂಗಿಕತೆಯ ಬಗ್ಗೆ ಬಿಚ್ಚುಮಾತು ಇದೆ. ವ್ಯಾಲ್ ಎಂಬವಳು ಕೆಲಸ ಸಿಗಲಿ ಅಂತ ಮೈಗೆ ಆಪರೇಷನ್ ಮಾಡಿಸಿಕೊಂಡಿದ್ದನ್ನು ಒಂದು ಇಡೀ ಹಾಡಿನಲ್ಲಿ ಹೇಳುತ್ತಾಳೆ, ಬೈಗುಳವೂ ಇದೆ. ಆ ವಯಸ್ಸಿನ ಮಕ್ಕಳಿಗೆ ಇದು ಹೊಸದಲ್ಲ, ಅಮ್ಮನ ಪಕ್ಕ ಕೂತು ಕೇಳುವುದಷ್ಟೇ ಮುಜುಗರ.

ನಿಮ್ಮ ಮಗಳಿಗೆ ಡಯಾನಾಳ ‘ನಥಿಂಗ್’ ಹಾಡು ತುಂಬಾ ಹತ್ತಿರವಾಗಬಹುದು. ಕಲಿಸುವ ಮೇಷ್ಟ್ರು ‘ಏನನಿಸುತ್ತಿದೆ ಹೇಳು’ ಅಂತ ಗದರುತ್ತಾರೆ, ಅವಳಿಗೆ ಏನೂ ಅನಿಸುತ್ತಿಲ್ಲ, ಉಳಿದ ಮಕ್ಕಳೆಲ್ಲ ಅನಿಸಿದ ಹಾಗೆ ನಟಿಸುತ್ತಿದ್ದಾರೆ. ಇದು ಮೊದಲ ತಂಡದಲ್ಲಿ ಡಯಾನಾ ಪಾತ್ರ ಮಾಡಿದ್ದ ಪ್ರಿಸಿಲಾ ಲೋಪೆಜ್ ಅವರಿಗೇ ಆದ ಅನುಭವ. ಡ್ಯಾನ್ಸ್ ಕ್ಲಾಸಿನಲ್ಲಿ ಒಮ್ಮೆಯಾದರೂ ಹಾಗೆ ನಿಂತಿರುವ ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ನಾಟಕ ಮುಗಿದ ಮೇಲೆ ಯಾರು ಇಷ್ಟವಾದರು ಅಂತ ಅವಳನ್ನು ಕೇಳಿ, ನಿಮ್ಮ ಅಭಿಪ್ರಾಯ ಆಮೇಲೆ ಹೇಳಿ.

ಟಿಕೆಟ್ ತಗೊಳ್ಳುವಾಗ ತೀರಾ ಮುಂದಿನ ಸಾಲು ಬೇಡ. ಸ್ವಲ್ಪ ಹಿಂದೆ, ಸಾಧ್ಯವಾದರೆ ಮೇಲಿನ ಬಾಲ್ಕನಿಯಲ್ಲಿ ಕೂತರೆ ಇಡೀ ಸಾಲು ಒಟ್ಟಿಗೆ ಕಾಣುತ್ತದೆ, ದುಡ್ಡೂ ಸಾಮಾನ್ಯವಾಗಿ ಕಡಿಮೆ. ನಡುವೆ ಎದ್ದು ಹೋಗಲು ಆಗುವುದಿಲ್ಲ, ಹೊಟ್ಟೆಗೆ ಏನಾದರೂ ತಿಂದುಕೊಂಡೇ ಹೋಗಿ.