ಹೆಡ್‌ಫೋನ್ ಬದಲಿಸಬೇಕೆ, ಇಯರ್‌ಪ್ಯಾಡ್ ಬದಲಿಸಿದರೆ ಸಾಕೆ?

ಪ್ರಶ್ನೆ: ನಾನು ವಿಜಯಪುರದವನು, ಕೊಲ್ಹಾರದ ಕಾಲೇಜೊಂದರಲ್ಲಿ ಉಪನ್ಯಾಸಕ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಸ್ಸಿನಲ್ಲೂ ರಾತ್ರಿ ಮನೆಯಲ್ಲೂ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ ಅವರ ಗಾಯನ ಕೇಳುವುದು ರೂಢಿ. ಕಿವಿಯನ್ನು ಪೂರ್ತಿ ಮುಚ್ಚುವ ನನ್ನ ತಂತಿಯ ಹೆಡ್‌ಫೋನನ್ನು ಐದು ವರ್ಷದ ಹಿಂದೆ 2,500 ರೂಪಾಯಿಗೆ ಕೊಂಡಿದ್ದೆ. ಈಚೆಗೆ ತಂಬೂರಿಯ ಗುಂಗು ಕೇಳಿಸುತ್ತಿಲ್ಲ, ದನಿ ತೆಳುವಾಗಿದೆ, ವಾಲ್ಯೂಮ್ ಏರಿಸುತ್ತಲೇ ಹೋಗಬೇಕಾಗಿದೆ. ಅಕ್ಕನ ಮಗ 18,000 ರೂಪಾಯಿಯ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತೆಗೆದುಕೊಳ್ಳಿ ಎನ್ನುತ್ತಾನೆ. ಅಷ್ಟು ಖರ್ಚು ಸಾರ್ಥಕವೆ?
– ಓದುಗರು, ವಿಜಯಪುರ

ಉತ್ತರ: ನಿಮ್ಮ ಪತ್ರದಲ್ಲಿ ಮನೆಯ ತಕರಾರೂ ಬಸ್ಸಿನ ತಕರಾರೂ ಒಂದರೊಳಗೊಂದು ಸೇರಿಕೊಂಡಿವೆ. ಮೊದಲು ಅವನ್ನು ಬಿಡಿಸಿಕೊಳ್ಳಬೇಕು. ರಾತ್ರಿ ಫ್ಯಾನು ನಿಲ್ಲಿಸಿ, ನಿಮಗೆ ಬಾಯಿಪಾಠವಾಗಿರುವ ಒಂದು ವಿಲಂಬಿತ ಖಯಾಲಿನ ಆರಂಭವನ್ನು ಹಚ್ಚಿಕೊಂಡು ಕುಳಿತುಕೊಳ್ಳಿ. ದನಿ ಆಗಲೂ ತೆಳುವಾಗಿದೆ ಎನ್ನಿಸಿದರೆ ಎರಡೂ ಅಂಗೈಗಳಿಂದ ಹೆಡ್‌ಫೋನನ್ನು ಕಿವಿಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ಒತ್ತಿದ ಕೂಡಲೇ ತಂಬೂರಿಗೆ ಮೈ ತುಂಬಿ, ಕೈ ತೆಗೆದ ಕೂಡಲೇ ಅದು ಸೊರಗಿದರೆ, ಕೆಟ್ಟಿರುವುದು ಹೆಡ್‌ಫೋನಲ್ಲ, ಕಿವಿಯ ಸುತ್ತ ಕೂರುವ ಅದರ ಮೆತ್ತೆ, ಅಂದರೆ ಇಯರ್‌ಪ್ಯಾಡ್.

ಐದು ವರ್ಷದ ಪ್ಯಾಡು ಎಂದಾಗಲೇ ನನಗೆ ಅನುಮಾನ ಬಂದಿತ್ತು. ನಮ್ಮ ಕಡೆಯ ಬೇಸಿಗೆಯ ಬೆವರಿಗೆ ಕೃತಕ ಚರ್ಮದ ಪ್ಯಾಡು ಮೊದಲು ಗಡುಸಾಗುತ್ತದೆ, ಆಮೇಲೆ ಬಿರಿಯುತ್ತದೆ, ಕೊನೆಗೆ ಅದರ ಕರಿಯ ಹೊಪ್ಪಳಿಕೆಗಳು ಕಾಡಿಗೆ ಉದುರಿದಂತೆ ಕಿವಿಯ ಹಿಂದೆ ಅಂಟಿಕೊಂಡಿರುತ್ತವೆ. ಕಾಲೇಜಿನಲ್ಲಿ ಯಾರಾದರೂ ನಕ್ಕು ಹೇಳುವವರೆಗೂ ನಮಗೆ ಗೊತ್ತಾಗುವುದಿಲ್ಲ. ಕಿವಿಯ ಸುತ್ತ ಗಾಳಿಯಾಡದಂತೆ ಪ್ಯಾಡು ಕೂತಿದ್ದರೆ ಮಾತ್ರ ಮಂದ್ರದ ಸ್ವರಗಳು ಕಿವಿಗೆ ದಕ್ಕುತ್ತವೆ, ಸಂದು ಬಿಟ್ಟರೆ ಮೊದಲು ಸೋರಿಹೋಗುವುದು ಅವೇ. ಕಾಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುವ ಗಾಯಕರ ತಂಬೂರಿಯ ಖರಜದ (ಎಲ್ಲಕ್ಕಿಂತ ತಗ್ಗಿನ ಸ್ವರದ) ತಂತಿ ಸುಮಾರು 70 ಹರ್ಟ್ಜ್‌ನಲ್ಲಿ ನುಡಿಯುತ್ತದೆ, ನೀವು ಕಳೆದುಕೊಂಡಿರುವ ಗುಂಗು ಬಹುಶಃ ಅಲ್ಲಿಯದೇ. ನಿಮ್ಮ ಮಾದರಿಗೆ ಹೊಂದುವ ಜೋಡಿ ಪ್ಯಾಡು ನಾಲ್ಕೈದು ನೂರು ರೂಪಾಯಿಗೆ ಸಿಗಬಹುದು, ಸ್ಕ್ರೂ ಡ್ರೈವರ್ ಕೂಡ ಬೇಕಾಗದೆ ಕೈಯಲ್ಲೇ ಹಾಕಿಕೊಳ್ಳುವಂತೆ ಇರುವುದೇ ಹೆಚ್ಚು. ಒತ್ತಿದರೂ ವ್ಯತ್ಯಾಸ ಕಾಣದಿದ್ದರೆ ಮಾತ್ರ ಹೊಸದರ ಯೋಚನೆ ಮಾಡಿ. ಆದರೆ ಮನ್ಸೂರರು ಎಳೆಯ ವಯಸ್ಸಿನಲ್ಲಿ ಹಾಡಿದ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಿಗೆ ಆ ಪರೀಕ್ಷೆ ಮಾಡಬೇಡಿ. ಆ ತಟ್ಟೆಯಲ್ಲೇ ಇಲ್ಲದ ನಾದವನ್ನು ಎಷ್ಟು ಬೆಲೆಯ ಹೆಡ್‌ಫೋನೂ ತಂದುಕೊಡಲಾರದು.

ಇನ್ನು ಬಸ್ಸಿನ ಮಾತು. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಬೆಳಗಿನ ಹೊತ್ತು ಹೋದವರಿಗೆ ಸುಮಾರು 38 ಮೀಟರ್ ಆಚೆ ಯಾರೋ ಕಾಗದ ಮಡಚಿದ ಸದ್ದೂ ಕೇಳಿಸುತ್ತದೆ. ಶಾಲಾ ಪ್ರವಾಸದ ಮಕ್ಕಳು ಹತ್ತಿ ಬಂದು ಕೂಗು ಹಾಕಿದ ಮೇಲೆ ಪಕ್ಕದವರ ಮಾತೂ ತಿಳಿಯುವುದಿಲ್ಲ. ಗುಮ್ಮಟ ಅದೇ, ಕಿವಿಯೂ ಅದೇ. ನಿಮ್ಮ ಹೆಡ್‌ಫೋನಿಗೂ ಬಸ್ಸಿನಲ್ಲಿ ಹಾಗೇ ಆಗಿದೆ: ಇಂಜಿನ್ನಿನ ಗುಡುಗು ತಂಬೂರಿಯ ಜಾಗದಲ್ಲೇ ಬಂದು ಕೂತಿದೆ, ಅದನ್ನು ಮೀರಿಸಲು ನೀವು ವಾಲ್ಯೂಮ್ ಏರಿಸುತ್ತಿದ್ದೀರಿ. ಇದು ಸಂಗೀತಕ್ಕಿಂತ ಕಿವಿಯ ಆರೋಗ್ಯದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90ಕ್ಕೆ ಏರಿದರೆ ಉಳಿಯುವುದು 4 ಗಂಟೆ ಮಾತ್ರ. ದಿನವೂ ಹೋಗಿ ಬರುವ ನಿಮಗೆ ಆ 4 ಗಂಟೆ ಮೂರು ದಿನಕ್ಕೂ ಸಾಲದು.

ನಿಮ್ಮ ಅಳಿಯ ಹೇಳಿದ ನಾಯ್ಸ್ ಕ್ಯಾನ್ಸಲಿಂಗ್ ಇಲ್ಲಿ ನಿಜವಾಗಿಯೂ ಕೆಲಸ ಮಾಡುತ್ತದೆ. ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು ಅದರ ತದ್ವಿರುದ್ಧ ಅಲೆಯನ್ನು ನುಡಿಸುವುದರಿಂದ ಒಂದೇ ಸಮನೆ ಬರುವ ಇಂಜಿನ್ನಿನ ಮೊರೆತ ಬಹುಮಟ್ಟಿಗೆ ಅಡಗುತ್ತದೆ. ಆದರೆ ಹಾರ್ನು, ಕಂಡಕ್ಟರನ ಸೀಟಿ, ಹಿಂದಿನ ಸೀಟಿನವರ ಫೋನ್ ಜಗಳ ಇವುಗಳ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಆದ್ದರಿಂದ ಬಸ್ಸಿಗೆಂದು ಕಿವಿಯೊಳಗೆ ಬಿಗಿಯಾಗಿ ಕೂರುವ, ಫೋಮ್ ತುದಿಯ ಸಾಧಾರಣ ಇಯರ್‌ಫೋನ್ ಮೊದಲು ಪ್ರಯೋಗಿಸಿ ನೋಡಿ ಎಂದೇ ನನ್ನ ಸಲಹೆ. ಬರೀ ಬಿಗಿತದಿಂದಲೇ ಸದ್ದು ಸಾಕಷ್ಟು ತಗ್ಗುತ್ತದೆ. ಒಂದು ತಿಂಗಳ ನಂತರವೂ ಬಸ್ಸಿನ ಮೊರೆತ ಕಾಡಿದರೆ 18,000 ರೂಪಾಯಿಯ ಮಾತು ಎತ್ತಬಹುದು.

ಕೊಳ್ಳಲು ಹೋದರೂ ಒಂದು ಎಚ್ಚರಿಕೆ ಇರಲಿ. ಎರಡು ಹೆಡ್‌ಫೋನ್‌ಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಉತ್ತಮ ಎಂದುಕೊಳ್ಳುತ್ತದೆ. ನಿಮ್ಮದೇ ಫೋನಿನಲ್ಲಿ, ನಿಮ್ಮದೇ ಬಂದಿಶ್ ಹಚ್ಚಿ, ಎರಡರ ದನಿಯೂ ಸಮವಾಗುವಂತೆ ವಾಲ್ಯೂಮ್ ತಿದ್ದಿಕೊಂಡ ಮೇಲೆಯೇ ಹೋಲಿಸಿ. ನಾನೊಮ್ಮೆ ಸ್ಟುಡಿಯೋದವರು ಬಳಸುವುದೆಂಬ ಹೆಮ್ಮೆಗೆ 250 ಓಮ್‌ನ (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಹೆಡ್‌ಫೋನ್ ಕೊಂಡು ಫೋನಿಗೆ ಸಿಕ್ಕಿಸಿದಾಗ, ಪಕ್ಕದ ಮನೆಯ ರೇಡಿಯೋ ಗೋಡೆಯಾಚೆಯಿಂದ ಕೇಳಿದಷ್ಟು ಮಾತ್ರ ದನಿ ಬಂತು. ಅದಕ್ಕೆಂದು ಆಂಪ್ಲಿಫೈಯರ್ ಕೊಂಡದ್ದು ಬೇರೆಯೇ ಖರ್ಚು. ಫೋನಿಗಾದರೆ 32 ಓಮ್‌ನ ಆಸುಪಾಸು ಸಾಕು.

ಪ್ರಶ್ನೆ: ನನ್ನ ಹೊಸ ಫೋನಿನಲ್ಲಿ ಹೆಡ್‌ಫೋನ್ ಜಾಕ್ ಇಲ್ಲ. ಎಲ್‌ಡ್ಯಾಕ್ ಇರುವ ಬ್ಲೂಟೂತ್ ಇಯರ್‌ಬಡ್ಸ್ ಕೊಳ್ಳಲೆ?
– ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಎಲ್‌ಡ್ಯಾಕ್, ಎಸ್‌ಬಿಸಿ ಎರಡೂ ಬ್ಲೂಟೂತ್‌ನಲ್ಲಿ ಸಂಗೀತವನ್ನು ಹಿಂಡಿ ಕಳಿಸುವ ವಿಧಾನಗಳು. ಎಲ್‌ಡ್ಯಾಕ್‌ನಲ್ಲಿ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಹರಿಯುವುದು ನಿಜ, ಸಾಧಾರಣ ಎಸ್‌ಬಿಸಿಗೆ ಅದರ ಮೂರನೆಯ ಒಂದು ಭಾಗದಷ್ಟೇ. ಆದರೆ ಫೋನಿನಲ್ಲೂ ಅದು ಇರಬೇಕು, ಐಫೋನಿನಲ್ಲಿ ಇಲ್ಲ. ನೀವು ಕೇಳುವುದು ಯೂಟ್ಯೂಬ್ ಆಗಿದ್ದರೆ ಅಲ್ಲಿಂದಲೇ ಬಹಳ ಹಿಂಡಿದ ಸಂಗೀತ ಬರುವುದರಿಂದ ಈ ವ್ಯತ್ಯಾಸ ಕೇಳಿಸುವುದು ಕಷ್ಟ. ಅದಕ್ಕಿಂತ ದೊಡ್ಡ ಮಾತೆಂದರೆ ಬಡ್ಸ್‌ನೊಳಗಿನ ಪುಟ್ಟ ಬ್ಯಾಟರಿಯನ್ನು ಬದಲಿಸುವ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ, ಎರಡು ಮೂರು ವರ್ಷಕ್ಕೆ ಅದು ಸೋತರೆ ಇಡೀ ಜೋಡಿಯೇ ಹೋದಂತೆ. ಹಳೆಯ ತಂತಿಯ ಇಯರ್‌ಫೋನ್ ಇನ್ನೂ ಚೆನ್ನಾಗಿದ್ದರೆ ಸಿ ಪೋರ್ಟಿಗೆ ಹಾಕುವ ಡಾಂಗಲ್ ಒಂದನ್ನು ಕೊಳ್ಳಿ. ಫೋನಿನ ಡಿಜಿಟಲ್ ಸಂಕೇತವನ್ನು ಇಯರ್‌ಫೋನಿಗೆ ಒಗ್ಗುವಂತೆ ಮಾರ್ಪಡಿಸುವ ಚಿಪ್ ಒಳಗಿರುವ ಡಾಂಗಲ್ ಎಂದು ಕೇಳಿ ಪಡೆಯಿರಿ, ಬರೀ ತಂತಿ ಜೋಡಿಸುವ ಅಗ್ಗದ ಮಾದರಿ ಎಷ್ಟೋ ಫೋನುಗಳಲ್ಲಿ ಸದ್ದೇ ಮಾಡುವುದಿಲ್ಲ.