ಕಬ್ಬಿನ ಹಾಲಿನ ಪಂಪ್‌ನಲ್ಲಿ ಹೊಸ ಸೀಲ್ ವಾರದಲ್ಲೇ ಸೋರುವುದು

ಮಂಡ್ಯದ ಆಲೆಮನೆ ಪಂಪ್, ಸಂಜೆ ನಿಲ್ಲಿಸುವಾಗ ಸರಿ, ಬೆಳಿಗ್ಗೆ ಶುರು ಮಾಡಿದರೆ ಸೋರಿಕೆ ಅಂದಿದ್ದೀರಿ. ಸೀಲ್ ಕಳಪೆ ಇರಲಿಕ್ಕಿಲ್ಲ. ಶಾಫ್ಟ್ (ತಿರುಗುವ ದಂಡ) ಸುತ್ತ ಸೋರದಂತೆ ತಡೆಯಲು ಸೀಲ್‌ನಲ್ಲಿ ಎರಡು ಮುಖಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಒಂದು ತಿರುಗುತ್ತದೆ, ಇನ್ನೊಂದು ನಿಂತಿರುತ್ತದೆ. ನಿಂತ ಪಂಪ್‌ನಲ್ಲಿ ಕಬ್ಬಿನ ಹಾಲು ಒಣಗಿ, ಸೀಲ್‌ನ ಎರಡು ಮುಖಗಳು ಅಂಟಿಕೊಳ್ಳುತ್ತವೆ. ಮೋಟಾರ್ ತಿರುಗಿದಾಗ ಕಾರ್ಬನ್ ಮುಖದ ಅಂಚು ಚಕ್ಕೆ ಏಳುತ್ತದೆ.

ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ತೆಗೆದಿಡಿ. ವಾಲ್ವ್ ಮುಚ್ಚಿ, ಪಂಪ್ ಖಾಲಿ ಮಾಡಿ. ಹಳೆ ಸೀಲ್ ಬಿಚ್ಚುವ ಮುಂಚೆಯೇ ಅದು ಶಾಫ್ಟ್ ಮೇಲೆ ಎಲ್ಲಿ ಕೂತಿತ್ತು ಅಂತ ಅಳತೆ ಬರೆದುಕೊಳ್ಳಿ. ಹೊಸ ಸೀಲ್‌ನ ಡ್ರಾಯಿಂಗ್‌ನಲ್ಲಿರುವ ಅಳತೆಗೆ ಅದು ತಾಳೆಯಾಗಬೇಕು. ಸ್ಪ್ರಿಂಗ್ ಜಾಸ್ತಿ ಒತ್ತಿದರೆ ಮುಖ ಬಿಸಿಯಾಗುತ್ತದೆ, ಕಮ್ಮಿಯಾದರೆ ಸೋರುತ್ತದೆ.

ಸ್ಲೀವ್ (ಶಾಫ್ಟ್ ಮೇಲಿನ ಕೊಳವೆಯಂಥ ಹೊದಿಕೆ) ಮೇಲೆ ಉಗುರು ಎಳೆದು ನೋಡಿ. ಗೀರು ತಗುಲಿದರೆ ಹೊಸ ಸ್ಲೀವ್ ಹಾಕಿಸಿ, ಎಮರಿ ಕಾಗದ ತಿಕ್ಕಿ ಸುಮ್ನೆ ಮೋಸ ಹೋಗಬೇಡಿ. ಸೀಟ್ (ಸೀಲ್‌ನ ತಿರುಗದ ಮುಖ) ಕೂರಿಸುವಾಗ ರಬ್ಬರ್‌ಗೆ ಸೋಪಿನ ನೀರು ಸಾಕು. ಇ.ಪಿ.ಡಿ.ಎಂ. ಎಂಬ ಬಗೆಯ ರಬ್ಬರ್‌ಗೆ ಪೆಟ್ರೋಲಿಯಂ ಗ್ರೀಸ್ ತಾಗಿದರೆ ಉಬ್ಬಿಬಿಡುತ್ತದೆ. ಮುಖಗಳನ್ನು ಬೆರಳಿಂದ ಮುಟ್ಟಬೇಡಿ, ಚೊಕ್ಕ ಬಟ್ಟೆಯಿಂದ ಒರೆಸಿ. ಆಮೇಲೆ ಕೈಯಿಂದ ತಿರುಗಿಸಿ, ಎಲ್ಲೂ ಹಿಡಿಯಬಾರದು.

ಪಂಪ್ ತುಂಬಿಸಿ, ಗಾಳಿ ಬಿಟ್ಟ ಮೇಲೆಯೇ ಸ್ವಿಚ್ ಹಾಕಿ. ಒಣ ಓಟ ಅರೆಕ್ಷಣವೂ ಬೇಡ.

ಇನ್ನು ದಿನಾ ನಿಲ್ಲಿಸುವ ಮೊದಲು ಬಿಸಿನೀರು ಹಾಯಿಸಿ, ಸಕ್ಕರೆ ತೊಳೆದು ಹೋಗಲಿ. ಆಗಲೂ ಚಕ್ಕೆ ಎದ್ದರೆ ಎರಡೂ ಮುಖ ಸಿಲಿಕಾನ್ ಕಾರ್ಬೈಡ್ (ಕಾರ್ಬನ್‌ಗಿಂತ ತುಂಬಾ ಗಟ್ಟಿ ವಸ್ತು) ಇರುವ ಸೀಲ್ ಕೇಳಿ. ಫೋಟೋ ಇಲ್ಲದ್ದರಿಂದ ಬೇರಿಂಗ್ ಸವೆದಿದೆಯೋ ಹೇಳಲಾರೆ. ಶಾಫ್ಟ್ ತುದಿ ಹಿಡಿದು ಅಲ್ಲಾಡಿಸಿ, ಸಡಿಲವಾಗಿ ಅಲ್ಲಾಡಿದರೆ ಮೊದಲು ಬೇರಿಂಗ್ ಬದಲಿಸಿ.