ಎಲೆ ಹಳದಿಯಾಯಿತೆಂದು ಗೊಬ್ಬರ ಹಾಕುವ ಮೊದಲು

ಪ್ರಶ್ನೆ: ನಮ್ಮ ಮನೆಯ ತಾರಸಿಯಲ್ಲಿ ಒಂದಡಿ ಅಗಲದ ಕುಂಡಗಳಲ್ಲಿ ಮೆಣಸಿನ ಗಿಡಗಳನ್ನು ಬೆಳೆಸಿದ್ದೇನೆ. ಮೊದಲ ತಿಂಗಳು ಸೊಂಪಾಗಿ ಬಂದವು. ಆಮೇಲೆ ಕೆಳಗಿನ ಎಲೆಗಳ ತುದಿ ಕಂದು ಬಣ್ಣಕ್ಕೆ ತಿರುಗಿ, ಅಂಚು ಸುಟ್ಟಂತಾಗಿ, ಉಳಿದ ಭಾಗ ಹಳದಿಯಾಗತೊಡಗಿತು. ಹದಿನೈದು ದಿನಕ್ಕೊಮ್ಮೆ ಪ್ರತಿ ಕುಂಡಕ್ಕೂ ಒಂದು ಚಮಚ ಡಿಎಪಿ (ಡೈಅಮೋನಿಯಂ ಫಾಸ್ಫೇಟ್ ಎಂಬ ರಾಸಾಯನಿಕ ಗೊಬ್ಬರ) ಹಾಕುತ್ತಿದ್ದೆ. ಪೋಷಣೆ ಸಾಲುತ್ತಿಲ್ಲವೆಂದು ಭಾವಿಸಿ ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ) ಗೊಬ್ಬರದ ನೀರನ್ನೂ ಕೊಡತೊಡಗಿದೆ. ಈಗ ಮಣ್ಣು ಒದ್ದೆಯಾಗಿದ್ದರೂ ಮಧ್ಯಾಹ್ನದ ಹೊತ್ತಿಗೆ ಗಿಡ ಬಾಡುತ್ತದೆ. ಇನ್ನೇನು ಹಾಕಬೇಕು?
— ಬೆಂಗಳೂರಿನ ಓದುಗರು

ಉತ್ತರ: ಏನನ್ನೂ ಹಾಕಬೇಡಿ. ನಿಮ್ಮ ಗಿಡಕ್ಕೆ ಆಗಿರುವುದು ಹಸಿವಲ್ಲ, ಅಜೀರ್ಣ. ಈ ಅಂಕಣಕ್ಕೆ ಬರುವ ಹಳದಿ ಎಲೆಯ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ ಆಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಲೆಕ್ಕ ನೋಡೋಣ. ಎಕರೆಗೆ 50 ಕಿಲೋ ತೂಕದ ಒಂದು ಚೀಲ ಡಿಎಪಿ ಹಾಕಿದರೆ ಚದರ ಮೀಟರ್ ನೆಲಕ್ಕೆ ಬೀಳುವುದು ಸುಮಾರು 12 ಗ್ರಾಂ. ಒಂದಡಿ ಅಗಲದ ಕುಂಡದ ಬಾಯಿಯ ವಿಸ್ತೀರ್ಣ ಚದರ ಮೀಟರಿನ ನೂರರಲ್ಲಿ ಏಳು ಪಾಲು ಮಾತ್ರ. ಆ ಲೆಕ್ಕದಲ್ಲಿ ನಿಮ್ಮ ಕುಂಡದ ಪಾಲಿಗೆ ಬರುವುದು ಒಂದು ಗ್ರಾಮಿಗಿಂತಲೂ ಕಡಿಮೆ, ಅದೂ ಇಡೀ ಬೆಳೆಯ ಅವಧಿಗೆ. ಚಹಾ ಚಮಚದಲ್ಲಿ ಒಂದು ಸಮ ಚಮಚ ಡಿಎಪಿ ಎಂದರೆ ಹೆಚ್ಚುಕಡಿಮೆ 5 ಗ್ರಾಂ. ಅದನ್ನು ತಿಂಗಳಿಗೆ ಎರಡು ಬಾರಿಯಂತೆ ಮೂರು ತಿಂಗಳು ಹಾಕಿದರೆ 30 ಗ್ರಾಂ ಆಯಿತು. ಹೊಲದ ಬೇರಾದರೆ ಇನ್ನೊಂದು ದಿಕ್ಕಿಗೆ ಹರಡಿ ತಪ್ಪಿಸಿಕೊಳ್ಳಬಹುದು. ಕುಂಡದ ಬೇರಿಗೆ ಹೋಗಲು ಬೇರೆ ಜಾಗವಿಲ್ಲ.

ರಾಸಾಯನಿಕ ಗೊಬ್ಬರಗಳು ನೀರಿನಲ್ಲಿ ಕರಗುವ ಲವಣಗಳು. ಮಣ್ಣಿನ ನೀರಿನಲ್ಲಿ ಲವಣ ಮಿತಿಮೀರಿದಾಗ ಬೇರು ನೀರನ್ನು ಒಳಗೆಳೆದುಕೊಳ್ಳಲಾರದೆ ಹೋಗುತ್ತದೆ. ಅತಿಯಾದರೆ ಬೇರಿನ ನೀರೇ ಹೊರಗೆ ಸೋರುತ್ತದೆ. ಉಪ್ಪಿನಕಾಯಿಗೆ ಉಪ್ಪು ಬೆರೆಸಿಟ್ಟ ಮಾವಿನ ಹೋಳು ರಾತ್ರಿ ಕಳೆಯುವುದರೊಳಗೆ ನೀರು ಬಿಟ್ಟುಕೊಳ್ಳುವುದನ್ನು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಒದ್ದೆ ಮಣ್ಣಿನಲ್ಲಿ ನಿಂತೂ ಗಿಡ ಬಾಡುವುದು ಇದರಿಂದಲೇ. ಎಲೆಗೆ ಹೇಗೋ ತಲುಪಿದ ಲವಣವು ನೀರು ಆವಿಯಾಗಿ ಹೋಗುವ ತುದಿ ಮತ್ತು ಅಂಚುಗಳಲ್ಲಿ ಶೇಖರವಾಗಿ ಅಲ್ಲಿಂದಲೇ ಸುಡಲು ಆರಂಭಿಸುತ್ತದೆ.

ಖಚಿತಪಡಿಸಿಕೊಳ್ಳಲು ಕುಂಡವನ್ನು ಬೆಳಕಿಗೆ ತಂದು ನೋಡಿ. ಮಣ್ಣಿನ ಮೇಲೆ, ಕುಂಡದ ಒಳ ಅಂಚಿನ ಸುತ್ತ, ಮಣ್ಣಿನ ಕುಂಡವಾದರೆ ಅದರ ಹೊರಮೈಯಲ್ಲೂ, ಸುಣ್ಣ ಒಣಗಿದಂಥ ಬಿಳಿ ಪೊರೆ ಕಾಣುತ್ತದೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ನಂತರ ಗಿಡದ ಬುಡವನ್ನು ಬೆರಳುಗಳ ನಡುವೆ ಹಿಡಿದು ಕುಂಡವನ್ನು ಓರೆ ಮಾಡಿ ಮಣ್ಣಿನ ಮುದ್ದೆಯನ್ನು ಮೆಲ್ಲನೆ ಹೊರಗೆ ಜಾರಿಸಿ. ಜೀವವಿರುವ ಬೇರು ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಸತ್ತ ಬೇರು ಕಂದಾಗಿದ್ದು, ಎರಡು ಬೆರಳುಗಳಿಂದ ಹಿಡಿದೆಳೆದರೆ ಹೊರಸಿಪ್ಪೆ ಕಳಚಿ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಒಂದು ಕಾಲುಭಾಗದಷ್ಟಾದರೂ ಬಿಳಿ ಬೇರು ಉಳಿದಿದ್ದರೆ ಗಿಡವನ್ನು ಉಳಿಸಿಕೊಳ್ಳುವ ಆಸೆ ಇಟ್ಟುಕೊಳ್ಳಬಹುದು.

ಪರಿಹಾರ ನೀರು. ಮೇಲಿನ ಅರ್ಧ ಅಂಗುಲ ಮಣ್ಣನ್ನು ಬಿಳಿ ಪೊರೆಯ ಸಮೇತ ಕೆರೆದು ತೆಗೆಯಿರಿ. ಕುಂಡದ ಕೆಳಗಿನ ತಟ್ಟೆಯನ್ನು ತೆಗೆದು, ತಳದ ರಂಧ್ರಗಳು ಮುಚ್ಚಿಕೊಂಡಿಲ್ಲವೆಂದು ಕಡ್ಡಿ ಚುಚ್ಚಿ ಖಾತರಿ ಮಾಡಿಕೊಳ್ಳಿ. 10 ಲೀಟರ್ ಹಿಡಿಯುವ ಕುಂಡವಾದರೆ 20ರಿಂದ 30 ಲೀಟರ್ ನೀರನ್ನು ನಾಲ್ಕೈದು ಕಂತುಗಳಲ್ಲಿ, ನಡುವೆ ಕಾಲು ಗಂಟೆ ಬಿಟ್ಟು, ನಿಧಾನವಾಗಿ ಹಾಯಿಸಿ. ಒಮ್ಮೆಲೇ ಸುರಿದರೆ ನೀರು ಕುಂಡದ ಗೋಡೆಯ ಪಕ್ಕದಿಂದಲೇ ಜಾರಿಹೋಗುತ್ತದೆ, ನಡುವಿನ ಉಪ್ಪು ಅಲ್ಲೇ ಉಳಿಯುತ್ತದೆ. ಕೆಳಗಿಳಿದ ನೀರು ತಟ್ಟೆಯಲ್ಲಿ ನಿಂತು ಮತ್ತೆ ಮೇಲೇರಬಾರದು. ಬಳಿಕ ನಾಲ್ಕೈದು ದಿನ ಗಿಡವನ್ನು ಮಧ್ಯಾಹ್ನದ ಬಿಸಿಲು ತಾಗದ ಕಡೆ ಇಡಿ ಮತ್ತು ಮೇಲ್ಮಣ್ಣು ಒಣಗುವವರೆಗೆ ಮತ್ತೆ ನೀರು ಹಾಕಬೇಡಿ.

ಇಷ್ಟಾದ ಮೇಲೆ ಕಾಯುವುದು ಕಷ್ಟದ ಕೆಲಸವೆಂದು ನನಗೆ ಗೊತ್ತು. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಅದನ್ನು ದಿನವೂ ನೋಡಿ ಮದ್ದು ನಾಟಲಿಲ್ಲವೆಂದು ಸಂಕಟಪಡಬೇಡಿ. ನೋಡಬೇಕಾದುದು ಸುಳಿಯನ್ನು. ಎರಡು ಮೂರು ವಾರಗಳಲ್ಲಿ ಬರುವ ಹೊಸ ಎಲೆಯ ತುದಿ ಸ್ವಚ್ಛವಾಗಿದ್ದರೆ ಬೇರು ಚೇತರಿಸಿಕೊಂಡಿದೆ ಎಂದರ್ಥ. ಒಂದು ತಿಂಗಳ ಬಳಿಕ 19:19:19 ಅನ್ನು ಲೀಟರ್ ನೀರಿಗೆ ಒಂದು ಗ್ರಾಮಿನಂತೆ ಕರಗಿಸಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಒಣಗಿದ ಮಣ್ಣಿಗೆ ಗೊಬ್ಬರದ ನೀರನ್ನು ಎಂದೂ ಹಾಕಬೇಡಿ. ಮೊದಲು ಬರೀ ನೀರು, ಆಮೇಲೆ ಗೊಬ್ಬರ. ಡಿಎಪಿ ನಿಮ್ಮ ತಾರಸಿಗೆ ಬೇಕಾಗಿಯೇ ಇಲ್ಲ.

ಪ್ರಶ್ನೆ: ನಮ್ಮ ಕರಿಬೇವಿನ ಗಿಡದ ಚಿಗುರೆಲೆಗಳೆಲ್ಲ ತಿಳಿ ಹಳದಿಯಾಗಿವೆ, ನರಗಳು ಮಾತ್ರ ಹಸಿರಾಗಿ ಎದ್ದು ಕಾಣುತ್ತವೆ. ಹಳೆಯ ಎಲೆಗಳು ಚೆನ್ನಾಗಿವೆ. ಸಾರಜನಕದ ಕೊರತೆಯೆಂದು ಯಾರೋ ಹೇಳಿದ್ದರಿಂದ ಎರಡು ಸಲ ಯೂರಿಯಾ ಹಾಕಿದೆ, ಗುಣ ಕಾಣಲಿಲ್ಲ. ಗಿಡಕ್ಕೆ ಕೊಳವೆಬಾವಿಯ ನೀರು, ಜೊತೆಗೆ ನೀರು ಶುದ್ಧೀಕರಣ ಯಂತ್ರದಿಂದ ಹೊರಬರುವ ನೀರನ್ನು ವ್ಯರ್ಥ ಮಾಡದೆ ಹಾಕುತ್ತಿದ್ದೇನೆ.
— ಕೋಲಾರದ ಓದುಗರು

ಉತ್ತರ: ನೀವು ಗಮನಿಸಿ ಬರೆದಿರುವ ಒಂದು ಮಾತಿನಲ್ಲೇ ಉತ್ತರವಿದೆ: ಹಳೆಯ ಎಲೆಗಳು ಚೆನ್ನಾಗಿವೆ. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಸುಲಭವಾಗಿ ಓಡಾಡುವ ಪೋಷಕಾಂಶಗಳು. ಕೊರತೆಯಾದಾಗ ಗಿಡವು ಹಳೆಯ ಎಲೆಯಿಂದ ಅವನ್ನು ಕಿತ್ತು ಸುಳಿಗೆ ಕಳುಹಿಸುತ್ತದೆ, ಆದುದರಿಂದ ಕೆಳಗಿನ ಎಲೆ ಮೊದಲು ಬಣ್ಣಗೆಡುತ್ತದೆ. ಸಾರಜನಕದ ಕೊರತೆಯಲ್ಲಿ ಕೆಳಗಿನ ಎಲೆ ನರಗಳ ಸಮೇತ ಒಂದೇ ಸಮನೆ ಹಳದಿಯಾದರೆ, ಮೆಗ್ನೀಷಿಯಂ ಕೊರತೆಯಲ್ಲಿ ಕೆಳಗಿನ ಎಲೆಯ ನರಗಳ ನಡುವೆ ಮಾತ್ರ ಹಳದಿಯಾಗುತ್ತದೆ. ಕಬ್ಬಿಣ ಹಾಗಲ್ಲ. ಒಮ್ಮೆ ಎಲೆಯನ್ನು ಸೇರಿದ ಮೇಲೆ ಅಲ್ಲಿಂದ ಕದಲುವುದಿಲ್ಲವಾದ್ದರಿಂದ ಅದರ ಕೊರತೆ ಚಿಗುರಿನಲ್ಲೇ ಕಾಣುತ್ತದೆ. ನಿಮ್ಮ ಗಿಡಕ್ಕಿರುವುದು ಕಬ್ಬಿಣದ ಕೊರತೆ.

ಕೆಂಪು ಮಣ್ಣಿನಲ್ಲಿ ಕಬ್ಬಿಣವಿಲ್ಲವೇ ಎಂದು ನೀವು ಕೇಳಬಹುದು. ಇದೆ, ಆ ಕೆಂಪೇ ಕಬ್ಬಿಣದ್ದು. ಆದರೆ ಕೊಳವೆಬಾವಿಯ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಕುಂಡದ ಮಣ್ಣನ್ನು ದಿನೇ ದಿನೇ ಕ್ಷಾರಗೊಳಿಸುತ್ತದೆ. ರಸಸಾರ (ಪಿಎಚ್) 7 ದಾಟಿ 7.5ರ ಕಡೆಗೆ ಹೋದಂತೆ ಇದ್ದ ಕಬ್ಬಿಣವೂ ಬೇರಿಗೆ ದಕ್ಕದ ರೂಪಕ್ಕೆ ತಿರುಗುತ್ತದೆ. ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಅದೇ ಲವಣಗಳು ಇನ್ನಷ್ಟು ಸಾಂದ್ರವಾಗಿರುತ್ತವೆ. ನೀರನ್ನು ಉಳಿಸಬೇಕೆಂಬ ನಿಮ್ಮ ಕಾಳಜಿ ಮೆಚ್ಚತಕ್ಕದ್ದೇ, ಆದರೆ ಅದು ನೆಲ ತೊಳೆಯುವುದಕ್ಕೆ ಹೋಗಲಿ, ಕುಂಡಕ್ಕೆ ಬೇಡ.

ತಕ್ಷಣದ ಉಪಶಮನಕ್ಕೆ ಲೀಟರ್ ನೀರಿಗೆ 2ರಿಂದ 3 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು ಅರ್ಧ ನಿಂಬೆಹಣ್ಣಿನ ರಸ ಬೆರೆಸಿ, ಕರಗಿದ ಕೂಡಲೇ, ಸಂಜೆಯ ತಂಪಿನಲ್ಲಿ ಚಿಗುರಿಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಅಂಗಡಿಯಲ್ಲಿ ಕೇಳುವಾಗ ಹೆಸರನ್ನು ಸರಿಯಾಗಿ ಹೇಳಿ: ಅನ್ನಭೇದಿ ತಿಳಿ ಹಸಿರು ಹರಳು, ನೀಲಿ ಹರಳು ಮೈಲುತುತ್ತ, ಎರಡೂ ಬೇರೆ ಬೇರೆ. ಸಿಂಪಡಿಸಿದ ಎಲೆಯನ್ನು ಒಂದು ವಾರ ಅಡುಗೆಗೆ ಬಿಡಿಸಬೇಡಿ, ಆಮೇಲೂ ತೊಳೆದು ಬಳಸಿ. ಮಣ್ಣಿಗೇ ಕೊಡುವುದಾದರೆ ಕ್ಷಾರ ಮಣ್ಣಿನಲ್ಲಿ ಇಡಿಟಿಎ (ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಡುವ ವಸ್ತು) ರೂಪದ ಕಬ್ಬಿಣ ಬಹುಕಾಲ ನಿಲ್ಲದು, ಇಡಿಡಿಎಚ್‌ಎ ರೂಪದ್ದು ನಿಲ್ಲುತ್ತದೆ. ಬೆಲೆ ಹೆಚ್ಚಾದರೂ ಕುಂಡಕ್ಕೆ ಬೇಕಾಗುವುದು ಚಿಟಿಕೆಯಷ್ಟೇ. ಶಾಶ್ವತ ಪರಿಹಾರ ಮಳೆನೀರು. ಮಳೆಗಾಲದಲ್ಲಿ ಎರಡು ಪೀಪಾಯಿ ತುಂಬಿಸಿಟ್ಟುಕೊಂಡರೆ ಒಂದೆರಡು ಗಿಡಗಳಿಗೆ ಬಹಳ ದಿನ ಬರುತ್ತದೆ. ಮೊಟ್ಟೆಯ ಚಿಪ್ಪು, ಬೂದಿ ಇವನ್ನು ಈ ಗಿಡದ ಹತ್ತಿರ ತರಬೇಡಿ, ಎರಡೂ ಕ್ಷಾರವನ್ನು ಹೆಚ್ಚಿಸುವಂಥವು.

ಪ್ರಶ್ನೆ: ನಾನು ರಾಸಾಯನಿಕ ಗೊಬ್ಬರವನ್ನು ಮುಟ್ಟಿಸುವುದೇ ಇಲ್ಲ. ಗುಲಾಬಿಗೆ ವಾರಕ್ಕೊಮ್ಮೆ ಗೋಮೂತ್ರ, ಕಡಲೆಕಾಯಿ ಹಿಂಡಿಯ ನೀರು. ಎಲೆ ಕಡು ಹಸಿರಾಗಿ ಕೆಳಮುಖವಾಗಿ ಬಾಗಿವೆ, ಹೂವಿಲ್ಲ, ಚಿಗುರಿನ ತುಂಬ ಹೇನು. ಸಾವಯವವೂ ಹೆಚ್ಚಾಗುತ್ತದೆಯೇ?
— ಧಾರವಾಡದ ಓದುಗರು

ಉತ್ತರ: ಖಂಡಿತ ಆಗುತ್ತದೆ. ಗೋಮೂತ್ರದಲ್ಲಿರುವುದೂ ಯೂರಿಯಾ ಮತ್ತು ಲವಣಗಳೇ. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು ಶೇ. 7, ಬೇವಿನ ಹಿಂಡಿಯಲ್ಲಿ ಶೇ. 5ರಷ್ಟು ಸಾರಜನಕವಿದೆ. ಸಾರಜನಕ ಮಿತಿಮೀರಿದಾಗ ಗಿಡ ಎಲೆಯನ್ನೇ ಬೆಳೆಸುತ್ತದೆ, ಹೂವನ್ನು ಮುಂದೂಡುತ್ತದೆ. ಆ ಮೆತ್ತನೆಯ, ರಸಭರಿತ ಚಿಗುರು ಹೇನಿಗೆ ಹಬ್ಬದೂಟ. ಒಂದು ಬಾರಿ ಕುಂಡದ ಮಣ್ಣನ್ನು ಚೆನ್ನಾಗಿ ನೀರಿನಲ್ಲಿ ತೊಳೆದು, ಹೇನಿರುವ ಚಿಗುರುಗಳನ್ನು ಚಿವುಟಿ, ಆರು ವಾರ ಏನನ್ನೂ ಕೊಡಬೇಡಿ. ಆಮೇಲೆ ಗೋಮೂತ್ರವನ್ನು ಕನಿಷ್ಠ ಹತ್ತು ಪಾಲು ನೀರು ಬೆರೆಸಿ ತಿಂಗಳಿಗೊಮ್ಮೆ ಕೊಡಿ. ಹಸಿ ಸಗಣಿಯನ್ನು ಬುಡಕ್ಕೆ ಹಾಕುವ ರೂಢಿ ಇದ್ದರೆ ಬಿಡಿ. ಅದು ಕೊಳೆಯುವಾಗ ಏಳುವ ಅಮೋನಿಯಾ ಮತ್ತು ಕಾವು ಎಳೆಬೇರನ್ನು ಸುಡುತ್ತವೆ. ನನ್ನ ಮನೆಯ ಒಂದು ಮಲ್ಲಿಗೆ ಬಳ್ಳಿ ಹಾಗೆಯೇ ಹೋಯಿತು, ಆ ಬೇಸರ ಇಂದಿಗೂ ಇದೆ.

ಪ್ರಶ್ನೆ: ಮೆಣಸಿನ ಗಿಡದ ಎಲೆಗಳು ಮುಟುರಿಕೊಂಡಿವೆ. ಬೋರಾನ್ ಕೊರತೆಯೆಂದು ಒಬ್ಬರು ಹೇಳಿದರು. ಪೊಟ್ಟಣ ತಂದಿಟ್ಟಿದ್ದೇನೆ, ಎಷ್ಟು ಹಾಕಲಿ?
— ಪುತ್ತೂರಿನ ಓದುಗರು

ಉತ್ತರ: ಬೆಳಿಗ್ಗೆ ಒಂದು ಬಿಳಿ ಹಾಳೆಯನ್ನು ಚಿಗುರಿನ ಕೆಳಗೆ ಹಿಡಿದು ಕೊಂಬೆಯನ್ನು ನಾಲ್ಕು ಸಲ ತಟ್ಟಿ. ಕಡ್ಡಿಯ ಚೂರಿನಂತೆ ಉದ್ದುದ್ದನೆಯ ಸಣ್ಣ ಹುಳುಗಳು ಹಾಳೆಯ ಮೇಲೆ ಹರಿದಾಡಿದರೆ ಅದು ಥ್ರಿಪ್ಸ್ ನುಸಿ. ಅದರ ಕಾಟದಲ್ಲಿ ಎಲೆಯ ಅಂಚು ಮೇಲ್ಮುಖವಾಗಿ ದೋಣಿಯಂತೆ ಮಡಚುತ್ತದೆ. ಎಲೆ ಕೆಳಮುಖವಾಗಿ ಮಡಚಿ ತೊಟ್ಟು ಉದ್ದವಾಗಿದ್ದರೆ ಅದು ಮೈಟ್ ನುಸಿ, ಬರಿಗಣ್ಣಿಗೆ ಕಾಣದು, ಭೂತಗನ್ನಡಿ ಬೇಕು. ಎರಡನ್ನೂ ನಮ್ಮ ರೈತರು ಮುಟುರು ರೋಗವೆಂದೇ ಕರೆಯುತ್ತಾರೆ. ತೀರಾ ಮುದುಡಿದ ಚಿಗುರನ್ನು ಕತ್ತರಿಸಿ ತೆಗೆದು, ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ, ಎಲೆಯ ಅಡಿಭಾಗ ನೆನೆಯುವಂತೆ ಐದು ದಿನಕ್ಕೊಮ್ಮೆ ಮೂರು ಬಾರಿ ಸಿಂಪಡಿಸಿ. ಬೋರಾನ್ ಗಿಡಕ್ಕೆ ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ, ಕುಂಡದಲ್ಲಿ ಅಳೆದು ಹಾಕುವುದು ಮನೆಯವರಿಗೆ ಆಗದ ಮಾತು. ಪೊಟ್ಟಣವನ್ನು ಒಡೆದಿರದಿದ್ದರೆ ಅಂಗಡಿಗೆ ಹಿಂದಿರುಗಿಸಿಬಿಡಿ.